ಚಂದ್ರಾಮ ಬಣ್ಣ ಕುಡೀತಾನ

ಬ್ಯಾಡಗಿ ತಾಲೂಕಿನಿಂದ ಬೆಳದಿಂಗಳ ಬಗ್ಗೆ ಲೇಖನ ಕಳಿಸಿದ ತಂಗಿಗೆ,

ನಮಸ್ಕಾರ. ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಕೊನೆಯವರೆಗೆ ಕಾಯಿಸುವುದು ಬೇಡ ಅಂತ. ಆದರೆ ನಿಮ್ಮ ಒಂಬತ್ತನೇ ಪುಟದಲ್ಲಿ ಒಂದು ಮಾತಿದೆ. ಈ ಉದ್ದನೆಯ ಪತ್ರ ಬರೆಯುತ್ತಿರುವುದು ಅದರ ಸಲುವಾಗಿ.

ನೀವು ವಿಷಯವನ್ನು ಮೂರು ಪಾಲು ಮಾಡಿದ್ದೀರಿ: ವಿಜ್ಞಾನ, ಜಾನಪದ, ಕಲೆ. ಜಾನಪದದ ಭಾಗದಲ್ಲಿ ಹನ್ನೆರಡೂ ಹುಣ್ಣಿಮೆಗಳ ಪಟ್ಟಿ ಬರುತ್ತದೆ. ಅದು ಮುಗಿಯುವಲ್ಲಿ ಹೀಗೆ ಬರೆದಿದ್ದೀರಿ: ‘ಹುಣ್ಣಿಮಿ ರಾತ್ರಿ ಮೆಣಸಿನಕಾಯಿ ಹರವಿ ಬಿಡಬ್ಯಾಡ್ರಿ, ಚಂದ್ರಾಮ ಬಣ್ಣ ಕುಡೀತಾನ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಇಂಥ ಮೂಢನಂಬಿಕೆಗಳು ಹಳ್ಳಿಗಳಲ್ಲಿ ಇಂದಿಗೂ ಇವೆ.’ ಅಷ್ಟೇ. ಮುಂದಿನ ಸಾಲಿನಲ್ಲೇ ಯುರೋಪಿನ ಚಿತ್ರಕಾರರು ಬಂದುಬಿಟ್ಟರು.

ಅಜ್ಜಿಯನ್ನು ಇಷ್ಟು ಬೇಗ ಕಳಿಸಿಬಿಟ್ಟಿರಲ್ಲ, ನನಗೆ ತುಂಬಾ ಬೇಜಾರಾಯಿತು. ಅಜ್ಜಿ ಹೇಳಿದ್ದು ನಿಜ. ಒಂದಲ್ಲ, ಎರಡು ರೀತಿಯಲ್ಲಿ ನಿಜ.

ಮೊದಲು ಕಣ್ಣಿನ ಮಾತು. ನಮ್ಮ ಕಣ್ಣಿನ ಒಳಪದರದಲ್ಲಿ ಬೆಳಕು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಶಂಕುವಿನ ಆಕಾರದವು ಬಣ್ಣ ಗುರುತಿಸುತ್ತವೆ, ಆದರೆ ಅವಕ್ಕೆ ಜಾಸ್ತಿ ಬೆಳಕು ಬೇಕು. ಕೋಲಿನ ಆಕಾರದವಕ್ಕೆ ಮಂದ ಬೆಳಕು ಸಾಕು, ಆದರೆ ಬಣ್ಣ ತಿಳಿಯುವುದಿಲ್ಲ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಕಡಿಮೆ. ಅಷ್ಟು ಕಡಿಮೆ ಬೆಳಕಿನಲ್ಲಿ ಹೆಚ್ಚಿನ ಕೆಲಸ ಮಾಡುವುದು ಕೋಲಿನ ಕೋಶಗಳೇ. ಅವು ನೀಲಿ-ಹಸಿರಿನ ಕಡೆಯ ಬೆಳಕನ್ನು ಚೆನ್ನಾಗಿ ಹಿಡಿಯುತ್ತವೆ. ಕೆಂಪು ಬೆಳಕು ಅವಕ್ಕೆ ಕಾಣುವುದೇ ಇಲ್ಲ ಅನ್ನಬಹುದು. ಹಾಗಾಗಿ ಬೆಳಕು ಇಳಿಯುತ್ತಾ ಹೋದಂತೆ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು. ಯಾನ್ ಪುರ್ಕಿನ್ಯೆ ಎಂಬ ವಿಜ್ಞಾನಿ 1825ರಲ್ಲಿ ಇದನ್ನು ಬರೆದಿಟ್ಟ. ಇಂದಿಗೂ ಅದನ್ನು ಅವನ ಹೆಸರಿನಲ್ಲೇ ಕರೆಯುತ್ತಾರೆ. ಬೆಳಗಿನ ಜಾವದ ಮಬ್ಬಿನಲ್ಲಿ ಬಣ್ಣಗಳನ್ನು ನೋಡುತ್ತಾ ಕೂತು ಅವನು ಇದನ್ನು ಕಂಡುಕೊಂಡ. ನಿಮ್ಮ ಅಜ್ಜಿ ಕಣದಲ್ಲಿ ಕೂತು ಕಂಡರು.

ಈ ಕಪ್ಪಾಗುವುದು ನಮ್ಮ ಕಡೆಯವರಿಗೆ ಎಷ್ಟು ದೊಡ್ಡ ಮಾತು ನೋಡಿ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಕಡ್ಡಿ ತಳಿಯಾಗಲಿ, ಡಬ್ಬಿ ತಳಿಯಾಗಲಿ, ಬೆಲೆ ಕಟ್ಟುವುದು ಆ ಕೆಂಪು ನೋಡಿ. ತುಟಿಗೆ, ಉಗುರಿಗೆ ಹಚ್ಚುವ ಬಣ್ಣಕ್ಕೂ ಅದರಿಂದ ತೆಗೆದ ಕೆಂಪು ಹೋಗುತ್ತದೆ. 2011ರಲ್ಲಿ ಈ ಬೆಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಇಡೀ ವರ್ಷದ ದುಡಿಮೆ ಆ ಕೆಂಪಿನಲ್ಲೇ ಇದೆ. ಅಂಥ ಕೆಂಪು ರಾತ್ರಿ ಕಣ್ಣೆದುರೇ ಮಾಯವಾದರೆ ಒಬ್ಬ ರೈತ ಹೆಂಗಸಿನ ಎದೆ ಝಲ್ಲೆನ್ನುವುದಿಲ್ಲವಾ? ‘ಕುಡೀತಾನ’ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಲೇಖನ ಓದಿದ ವಾರವೇ ಹುಣ್ಣಿಮೆ ಬಂತು. ನಮ್ಮ ಓಣಿಯಲ್ಲಿ ಕರೆಂಟ್ ಹೋಗಿತ್ತು. ಒಂದು ತಾಟಿನಲ್ಲಿ ಒಂದು ಹಿಡಿ ಒಣ ಬ್ಯಾಡಗಿ ಮೆಣಸಿನಕಾಯಿ, ಪಕ್ಕದಲ್ಲಿ ನಾಲ್ಕು ಹಸಿ ಮೆಣಸಿನಕಾಯಿ ಇಟ್ಟುಕೊಂಡು ಮಾಳಿಗೆ ಹತ್ತಿದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಮೊಬೈಲ್ ಮುಟ್ಟದೆ ಕೂತೆ. ಆಮೇಲೆ ನೋಡಿದರೆ ಹಸಿ ಮೆಣಸಿನಕಾಯಿ ತಿಳಿ ಬೂದಿ ಬಣ್ಣಕ್ಕೆ ಬಂದಿದ್ದವು. ಒಣಗಿದವು ಇದ್ದಿಲಿನ ಚೂರುಗಳ ಹಾಗಿದ್ದವು. ತೀರಾ ಹತ್ತಿರ ಹಿಡಿದಾಗ ಮಾತ್ರ ಒಂದಿಷ್ಟು ಕೆಂಪಿನ ಸುಳಿವು. ಅಂಗಡಿಯಲ್ಲಿ ಅವತ್ತೇ ಆರಿಸಿ ತಂದ ಮೆಣಸಿನಕಾಯಿ, ಆದರೂ ಒಂದು ಕ್ಷಣ ಗಾಬರಿಯಾಯಿತು. ಇಷ್ಟು ವರ್ಷ ಬೆಳದಿಂಗಳ ಮೇಲೆ ಬಂದ ಎಷ್ಟೋ ಬರಹ ತಿದ್ದಿದ್ದೇನೆ. ಇದನ್ನು ನಾನು ನೋಡಿರಲಿಲ್ಲ. ನೋಡಿಸಿದ್ದು ನಿಮ್ಮ ಅಜ್ಜಿಯ ಮಾತು.

ಇನ್ನು ಎರಡನೆಯದು. ಹಾವೇರಿ ಕಡೆ ಸಂಜೆಯಾದರೆ ಮೆಣಸಿನಕಾಯಿ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುತ್ತಾರೆ. ಇಬ್ಬನಿ ಬಿದ್ದು ಹಸಿಯಾದರೆ ಬೂಸ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ. ಇಬ್ಬನಿ ಜಾಸ್ತಿ ಬೀಳುವುದು ಯಾವಾಗ? ಮೋಡವಿಲ್ಲದ, ಗಾಳಿ ಆಡದ ರಾತ್ರಿ. ಮೋಡ ಇದ್ದರೆ ನೆಲದ ಕಾವು ಅಲ್ಲೇ ಉಳಿಯುತ್ತದೆ. ಆಕಾಶ ತಿಳಿಯಾಗಿದ್ದರೆ ಕಾವೆಲ್ಲ ಮೇಲೆ ಹೋಗಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಬೆಳದಿಂಗಳು ಚೆನ್ನಾಗಿ ಬೀಳುವುದೂ ಅಂಥ ರಾತ್ರಿಯೇ ಅಲ್ವಾ? ಚಂದ್ರ ಇಬ್ಬನಿ ಸುರಿಸುವುದಿಲ್ಲ. ಆದರೆ ಥಳಥಳಿಸುವ ಚಂದ್ರ ಮತ್ತು ಕೆಟ್ಟ ಮೆಣಸಿನಕಾಯಿ ಒಟ್ಟೊಟ್ಟಿಗೆ ಬರುತ್ತವೆ ಎಂದು ಅಜ್ಜಿ ಗುರುತು ಹಿಡಿದಿದ್ದರು. ಕಾರಣ ಬೇರೆ, ಕಂಡದ್ದು ಸರಿ. ಅವರ ಮಾತು ಕೇಳಿ ಮುಚ್ಚಿಟ್ಟವರ ಮಾಲು ಉಳಿಯಿತು. ಇದನ್ನು ಮೂಢನಂಬಿಕೆ ಅಂತ ಒಂದೇ ಪದದಲ್ಲಿ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಆ ವಾಕ್ಯ ತೆಗೆಯಲೇಬೇಕು.

ಈಗ ತಪ್ಪುಗಳು. ಎರಡನೇ ಪುಟದಲ್ಲಿ ‘ನಡುರಾತ್ರಿ ಪೂರ್ವದಲ್ಲಿ ಹುಣ್ಣಿಮೆಯ ಚಂದ್ರ ಮೂಡಿದ’ ಎಂದಿದೆ. ಹುಣ್ಣಿಮೆಯ ಚಂದ್ರ ಮೂಡುವುದು ಸೂರ್ಯ ಮುಳುಗುವ ಹೊತ್ತಿಗೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗಿ, ನಡುರಾತ್ರಿಗೆ ಮೂಡುವಷ್ಟರಲ್ಲಿ ಅರ್ಧಚಂದ್ರ ಆಗಿರುತ್ತಾನೆ. ಗೌರಿ ಹುಣ್ಣಿಮೆಗೆ ನೀವೂ ಸಕ್ಕರೆ ಆರತಿ ಹಿಡಿದು ಹೋಗಿರಬೇಕು. ತಾಟಿನಲ್ಲಿ ಸಕ್ಕರೆ ಗೊಂಬೆಗಳು, ಮೈಮೇಲೆ ಹೊಸ ಲಂಗ. ಆ ಸಂಜೆ ಚಂದ್ರ ಎಲ್ಲಿದ್ದ? ನಿಮ್ಮ ಮುಂದೆಯೇ, ಮನೆಯ ಸೂರಿನ ಮೇಲೇ ಇದ್ದ. ನೀವು ಕಂಡಿದ್ದೀರಿ. ಬರೆಯುವಾಗ ಮಾತ್ರ ಎಲ್ಲೋ ಓದಿದ ಕಥೆಯ ಚಂದ್ರ ಬಂದುಬಿಟ್ಟ.

‘ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟು’ ಎಂಬುದೂ ತಪ್ಪು. ಸುಮಾರು ಹತ್ತನೇ ಒಂದು ಪಾಲು ಅಷ್ಟೇ. ಇದಕ್ಕೆ ನಮ್ಮ ಕಡೆಯ ಹೊಲವೇ ಸಾಕ್ಷಿ. ಹೊಸದಾಗಿ ಉತ್ತ ಎರೆ ಹೊಲವನ್ನು ಇಳಿಬಿಸಿಲಿನಲ್ಲಿ ನೋಡಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದರೆ ಹೆಂಟೆಗಳ ನೆರಳು ಹೆಂಟೆಯ ಹಿಂದೆಯೇ ಅಡಗುತ್ತದೆ, ಹೊಲ ಬೆಳ್ಳಗೆ ಕಾಣುತ್ತದೆ. ಸೂರ್ಯ ಮಗ್ಗುಲಿಗೆ ಬಂದರೆ ಹೊಲದ ತುಂಬ ನೆರಳು. ಚಂದ್ರನ ನೆಲವೂ ಹಾಗೇ ಉಬ್ಬು ತಗ್ಗು. ಹುಣ್ಣಿಮೆಯಂದು ಮಾತ್ರ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ‘ಹಾಲಿನಂಥ ಬಿಳಿ ಚಂದ್ರ’ ಅಂತ ಬರೆದಿದ್ದೀರಿ, ಕಣ್ಣಿಗೆ ಕಾಣುವುದು ಹಾಗೇ. ಆದರೆ ಆ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 12ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ. ಹಳೇ ಡಾಂಬರು ರಸ್ತೆಯಷ್ಟು ಕಪ್ಪು ಅದು.

ಆರ್ಯಭಟ ಚಂದ್ರನಿಗೆ ಸ್ವಂತ ಬೆಳಕಿಲ್ಲ, ಅದು ಸೂರ್ಯನದು ಎಂದು 499ರಲ್ಲೇ ಹೇಳಿದ್ದನ್ನು ಬರೆದಿದ್ದೀರಿ. ಅದಿರಲಿ, ಚೆನ್ನಾಗಿದೆ. ಆಗ ಅವನಿಗೆ ಇಪ್ಪತ್ತಮೂರೇ ವರ್ಷ. ಹೆಚ್ಚುಕಡಿಮೆ ನಿಮ್ಮ ವಯಸ್ಸು. ಅದನ್ನೂ ಸೇರಿಸಿ.

ಕಲೆಯ ಭಾಗ ನನಗೆ ಎಲ್ಲಕ್ಕಿಂತ ಕಡಿಮೆ ಹಿಡಿಸಿತು. ಹದಿಮೂರು ಹೆಸರುಗಳಿವೆ, ಒಂದು ಚಿತ್ರವೂ ಕಣ್ಣಿಗೆ ಕಟ್ಟುವುದಿಲ್ಲ. ಜರ್ಮನಿಯ ಸಂಗೀತಗಾರ ಬೀಥೋವನ್ ಒಬ್ಬ ಕುರುಡು ಹುಡುಗಿಗಾಗಿ ಬೆಳದಿಂಗಳಲ್ಲಿ ‘ಮೂನ್‌ಲೈಟ್ ಸೊನಾಟಾ’ ಎಂಬ ಪಿಯಾನೋ ಕೃತಿ ನುಡಿಸಿದ ಎಂಬುದು ಆಮೇಲೆ ಹುಟ್ಟಿದ ಕಥೆ. ಅವನು ಅದನ್ನು 1801ರಲ್ಲಿ ರಚಿಸಿದ. ಬೆಳದಿಂಗಳಿನ ಹೆಸರು ಅಂಟಿಕೊಂಡಿದ್ದು ಅವನು ಸತ್ತ ಮೇಲೆ, ಒಬ್ಬ ವಿಮರ್ಶಕ ಅದನ್ನು ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ್ದರಿಂದ. ಬೇಂದ್ರೆಯವರ ಸಾಲುಗಳನ್ನು ಒಂದು ಪುಟದ ತುಂಬ ಎತ್ತಿ ಬರೆದಿದ್ದೀರಿ. ನಮ್ಮ ಓದುಗರಿಗೆ ಅವು ಬಾಯಿಪಾಠ. ಆ ಪುಟ ಬಿಟ್ಟುಬಿಡಿ.

ಒಂದೇ ಚಿತ್ರ ಇಟ್ಟುಕೊಳ್ಳುವುದಾದರೆ ರಷ್ಯಾದ ಚಿತ್ರಕಾರ ಕುಯಿಂಜಿಯದ್ದು ಇಟ್ಟುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಆ ಹೆಸರು ಇದೆ. 1880ರಲ್ಲಿ ಅವನು ನೀಪರ್ ನದಿಯ ಮೇಲಿನ ಬೆಳದಿಂಗಳ ರಾತ್ರಿ ಬರೆದು, ಪೀಟರ್ಸ್‌ಬರ್ಗಿನಲ್ಲಿ ಅದೊಂದೇ ಚಿತ್ರದ ಪ್ರದರ್ಶನ ಇಟ್ಟ. ಕಿಟಕಿಗಳಿಗೆಲ್ಲ ಪರದೆ. ಚಿತ್ರದ ಮೇಲೆ ಮಾತ್ರ ದೀಪ. ಜನ ಸಾಲುಗಟ್ಟಿ ಬಂದರು. ಹಿಂದೆ ಏನೋ ದೀಪ ಇಟ್ಟಿದ್ದಾನೆ ಅಂತ ಅನುಮಾನಪಟ್ಟು ಚಿತ್ರದ ಬೆನ್ನು ಇಣುಕಿದವರೂ ಇದ್ದರು. ಇದ್ದದ್ದು ಬಣ್ಣ ಅಷ್ಟೇ. ಸುತ್ತ ಅಷ್ಟೂ ಕಪ್ಪು ತುಂಬಿ, ನದಿಯ ಮೇಲೆ ಒಂದಿಷ್ಟು ತಿಳಿಹಸಿರು ಬೆಳಕು ಬಿಟ್ಟಿದ್ದ. ಕೆಂಪನ್ನು ಹಗಲಿನ ಕೆಂಪಾಗೇ ಬಿಟ್ಟರೆ ಬೆಳದಿಂಗಳು ಹುಟ್ಟುವುದಿಲ್ಲ. ಅಜ್ಜಿಯ ಕಣದ ಮೆಣಸಿನಕಾಯಿಗೂ ಇದೇ ಲೆಕ್ಕ. ಸಿನಿಮಾದವರು ಬೆಳದಿಂಗಳಿಗೆ ನೀಲಿ ದೀಪ ಹಾಕುವುದೂ ಕಣ್ಣಿನ ಈ ಸ್ವಭಾವ ನೋಡಿಯೇ. ನಿಜ ಹೇಳಬೇಕೆಂದರೆ ಚಂದ್ರನ ಬೆಳಕು ಬಿಸಿಲಿಗಿಂತ ತುಸು ಕೆಂಪು ಕಡೆಗೇ ಇದೆ. ನೀಲಿ ಇರುವುದು ನಮ್ಮ ನೋಟದಲ್ಲಿ. ನಿಮ್ಮ ಮೂರು ಪಾಲೂ ಒಂದಾಗುವ ಜಾಗ ಇದು. ಮೂರು ಉಪಶೀರ್ಷಿಕೆ ತೆಗೆದುಹಾಕಿ, ಕಣದಿಂದಲೇ ಶುರು ಮಾಡಿ.

‘ಅನಾದಿ ಕಾಲದಿಂದಲೂ ಮಾನವನು ಚಂದ್ರನನ್ನು’ ಎಂದು ಹೊರಡುವ ಮೊದಲ ಪ್ಯಾರಾ ಬೇಡ. ಹನ್ನೆರಡು ಹುಣ್ಣಿಮೆಗಳ ಪಟ್ಟಿಯಲ್ಲಿ ಬನದ ಹುಣ್ಣಿಮೆ ಉಳಿದರೆ ಸಾಕು, ಕಣದಲ್ಲಿ ಮೆಣಸಿನಕಾಯಿ ಇರುವ ಕಾಲ ಅದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಹುಣ್ಣಿಮೆಯ ಚಂದ್ರ ಅವನ ಎದುರು ದಿಕ್ಕಿನಲ್ಲಿ ಇರಬೇಕಲ್ಲ, ಹಾಗಾಗಿ ಉತ್ತರಕ್ಕೆ ಬಂದು ನಡುರಾತ್ರಿ ನಮ್ಮ ನೆತ್ತಿಯ ಹತ್ತಿರ ನಿಲ್ಲುತ್ತಾನೆ. ಜೂನ್ ಸುಮಾರಿಗೆ ಬರುವ ಕಾರ ಹುಣ್ಣಿಮೆಯ ಚಂದ್ರ ಅಷ್ಟು ಮೇಲೆ ಏರುವುದಿಲ್ಲ.

ಇನ್ನು ಕೆಲವು ಪ್ರಶ್ನೆಗಳಿವೆ. ಉತ್ತರ ಲೇಖನದಲ್ಲಿ ಬೇಕು. ಸಂಜೆಯೇ ಮುಚ್ಚಿಡುವ ಮೆಣಸಿನಕಾಯಿಯನ್ನು ಅಜ್ಜಿ ಬೆಳದಿಂಗಳಲ್ಲಿ ನೋಡಿದ್ದು ಹೇಗೆ? ಆಳು ಸಿಗದೆ ಹಾಗೇ ಬಿಟ್ಟ ರಾತ್ರಿ ಇತ್ತಾ? ಕಾವಲಿಗೆ ಯಾರು ಮಲಗುತ್ತಿದ್ದರು? ‘ಹೇಳುತ್ತಿದ್ದಳು’ ಅಂತ ಬರೆದಿದ್ದೀರಿ, ಅಜ್ಜಿ ಈಗ ಇದ್ದಾರಾ? ಇದ್ದರೆ ಈ ವಾರವೇ ಹೋಗಿ ಪಕ್ಕದಲ್ಲಿ ಕೂತು ಕೇಳಿ. ಇಲ್ಲದಿದ್ದರೆ ಅವ್ವನನ್ನು ಕೇಳಿ, ಅವರಿಗೂ ಆ ಕಣ ಗೊತ್ತಿರುತ್ತದೆ.

ಮುಖ್ಯವಾಗಿ ಇದನ್ನು ಕೇಳಿ: ರಾತ್ರಿ ಚಂದ್ರಾಮ ಕುಡಿದ ಬಣ್ಣ ಬೆಳಗಾದ ಮೇಲೆ ಮೆಣಸಿನಕಾಯಿಗೆ ತಿರುಗಿ ಬರುತ್ತದಲ್ಲ, ಅದಕ್ಕೆ ಅಜ್ಜಿ ಏನು ಹೇಳುತ್ತಿದ್ದರು?