ಬಾಟಲ್ ಪಾಮ್‌ಗೆ ನಡುವಿನಲ್ಲಿ ಹೊಟ್ಟೆ ಬಂದಿದೆ, ಏನು ಮಾಡಲಿ?

ಪ್ರಶ್ನೆ: ಬಾಟಲ್ ಪಾಮ್ ಎಂದು ತಂದು ನೆಟ್ಟ ಗಿಡದ ಬುಡ ಸಣ್ಣಗಿದೆ, ಕಾಂಡದ ನಡುಭಾಗ ಉಬ್ಬಿದೆ. ಕೆಳಗಿನ ಗರಿಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಿವೆ. ಇದು ರೋಗವೇ? ಆ ಗರಿಗಳನ್ನು ಕಡಿಯಬಹುದೇ?

ಉತ್ತರ: ಉಬ್ಬು ರೋಗವಲ್ಲ. ನಿಮ್ಮ ಗಿಡ ಸ್ಪಿಂಡಲ್ ಪಾಮ್, ಬಾಟಲ್ ಪಾಮ್‌ನ ಹತ್ತಿರದ ನಂಟ. ಎರಡೂ ಹಯೋಫೋರ್ಬೆ ಕುಲದವು. ಎಳೆಯದರಲ್ಲಿ ಎರಡರ ಕಾಂಡವೂ ಕುಳ್ಳು, ಉಬ್ಬು ನೆಲದ ಹತ್ತಿರವೇ ಕಾಣುವುದರಿಂದ ಅದಲುಬದಲಾಗುವುದು ಸಾಮಾನ್ಯ. ಬೆಳೆದ ಮೇಲೆ ಬಾಟಲ್ ಪಾಮ್ ಬುಡದಲ್ಲೇ ದಪ್ಪ, ಸ್ಪಿಂಡಲ್ ನೂಲುವ ಕದಿರಿನಂತೆ ನಡುವಿನಲ್ಲಿ ದಪ್ಪ.

ಕಾಂಡ ನೋಡಿ ತೀರ್ಮಾನಿಸುವ ಬದಲು ಗರಿ ನೋಡಿ. ಬಾಟಲ್ ಪಾಮ್‌ನಲ್ಲಿ ಗರಿಯ ದಿಂಡಿನ ಎರಡೂ ಬದಿಯ ಎಲೆಗಳು ಮೇಲಕ್ಕೆ ಎದ್ದು, ಅಡ್ಡ ಕತ್ತರಿಸಿದರೆ ‘ವಿ’ ಆಕಾರ ಕಾಣುತ್ತದೆ. ಸ್ಪಿಂಡಲ್‌ನಲ್ಲಿ ಎಲೆಗಳು ಹಲವು ದಿಕ್ಕಿಗೆ ಹೊರಡುವುದರಿಂದ ಗರಿ ತುಂಬಿಕೊಂಡಂತಿರುತ್ತದೆ. ತೊಟ್ಟಿನ ಕೆಳಮೈಯಲ್ಲಿ ಹಳದಿ ಗೆರೆಯಿದ್ದರೆ ಸಂಶಯವೇ ಬೇಡ, ಅದು ಸ್ಪಿಂಡಲ್.

ಚುಕ್ಕೆಗಳು ಬೇರೆ ವಿಷಯ. ಹಳೆಯ ಗರಿಗಳಲ್ಲಿ ಮೊದಲು ಕಂಡರೆ ಅದು ಪೊಟ್ಯಾಷ್ ಕೊರತೆ; ಎರಡು ಜಾತಿಗೂ ಇದು ಬೇಗ ತಗಲುತ್ತದೆ. ಚುಕ್ಕೆ ಬಿದ್ದ ಗರಿಯನ್ನು ಬೆಳಕಿಗೆ ಹಿಡಿದರೆ ಚುಕ್ಕೆಗಳು ಪಾರದರ್ಶಕವಾಗಿ ಕಾಣುತ್ತವೆ. ದಯವಿಟ್ಟು ಆ ಗರಿಗಳನ್ನು ಕಡಿಯಬೇಡಿ. ಗಿಡ ಅವುಗಳಿಂದಲೇ ಪೊಟ್ಯಾಷ್ ಹೀರಿ ಸುಳಿಗೆ ಕಳಿಸುತ್ತಿರುತ್ತದೆ. ಕಡಿದರೆ ಕೊರತೆ ಮೇಲಿನ ಗರಿಗೆ ಏರುತ್ತದೆ. ಮರದಲ್ಲಿರುವುದೇ ಬೆರಳೆಣಿಕೆಯ ಗರಿಗಳು, ಒಂದೊಂದೂ ಬೇಕು. ಪೂರ್ತಿ ಒಣಗಿದ ಗರಿಯನ್ನೂ ಎಳೆಯಬೇಡಿ, ಹಾಳೆ ತಾನಾಗಿ ಕಳಚಿ ಬೀಳಲಿ.

ಗೊಬ್ಬರ ನಿಧಾನವಾಗಿ ಕರಗುವಂಥದ್ದಿರಲಿ: ಸಾರಜನಕ 8, ರಂಜಕ 2, ಪೊಟ್ಯಾಷ್ 12, ಮೆಗ್ನೀಸಿಯಂ 4ರ ಪ್ರಮಾಣದ್ದು. ಗರಿಗಳ ನೆರಳಿನಷ್ಟು ಜಾಗಕ್ಕೆ ಚದರ ಮೀಟರಿಗೆ ಸುಮಾರು 70 ಗ್ರಾಂನಂತೆ ಮೂರು ತಿಂಗಳಿಗೊಮ್ಮೆ ಹರಡಿ. ಬರೀ ಪೊಟ್ಯಾಷ್ ಸುರಿದರೆ ಮೆಗ್ನೀಸಿಯಂ ಕೊರತೆ ಶುರುವಾಗುತ್ತದೆ. ಹುಲ್ಲುಹಾಸಿಗೆ ಹಾಕುವ ಸಾರಜನಕ ಹೆಚ್ಚಿರುವ ಗೊಬ್ಬರ ಬೇರಿಗೆ ತಗಲಿದರೆ ಪೊಟ್ಯಾಷ್ ಕೊರತೆ ಇನ್ನೂ ಹೆಚ್ಚುತ್ತದೆ. ಚುಕ್ಕೆ ಬಿದ್ದ ಗರಿ ಮತ್ತೆ ಹಸಿರಾಗದು. ಹೊಸ ಗರಿಗಳು ಬಂದು ಮರ ತುಂಬಲು ಎರಡು ವರ್ಷವಾದರೂ ಹಿಡಿಯುತ್ತದೆ.

ಸ್ಪಿಂಡಲ್‌ನ ತವರು ಹಿಂದೂ ಮಹಾಸಾಗರದ ರಾಡ್ರಿಗಸ್, ಬಾಟಲ್‌ನದು ಮಾರಿಷಸ್ ಬಳಿಯ ರೌಂಡ್ ದ್ವೀಪ. ರೌಂಡ್ ದ್ವೀಪದಲ್ಲಿ ಮನುಷ್ಯರು ತಂದುಬಿಟ್ಟ ಆಡು, ಮೊಲಗಳು ಸಸಿಗಳನ್ನೆಲ್ಲ ಮೇಯ್ದು ಕಾಡಿನಲ್ಲಿ ಬಾಟಲ್ ಪಾಮ್ ಮರಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು; 1986ರಲ್ಲಿ ಮೊಲಗಳೂ ಇಲ್ಲವಾದ ಮೇಲೆ ಸಸಿಗಳಿಗೆ ಉಸಿರು ಬಂತು. ಈ ಎರಡು ಜಾತಿ ಅಕ್ಕಪಕ್ಕದಲ್ಲಿದ್ದರೆ ಬೆರಕೆಯಾಗುತ್ತವೆ. ಹಾಗಾಗಿ ಶುದ್ಧ ಬಾಟಲ್ ಪಾಮ್ ಬೇಕಿದ್ದರೆ ಸ್ಪಿಂಡಲ್ ಹತ್ತಿರವಿಲ್ಲದ ಮರದ ಬೀಜವನ್ನೇ ಆರಿಸಿ.