‘ಅನುಕೂಲ ನೋಡಿಕೊಂಡು’ ಮಗಳ ಭೇಟಿ

ಪ್ರಶ್ನೆ: ಕಳೆದ ವರ್ಷ ಪರಸ್ಪರ ಒಪ್ಪಿಗೆಯಿಂದ ನಮ್ಮ ವಿಚ್ಛೇದನವಾಯಿತು. ಏಳು ವರ್ಷದ ಮಗಳು ತಾಯಿಯ ಬಳಿ ಇದ್ದಾಳೆ. ‘ತಂದೆಯು ಅನುಕೂಲ ನೋಡಿಕೊಂಡು ತಿಂಗಳಿಗೆ ಎರಡು ಭಾನುವಾರ ಮಗುವನ್ನು ಭೇಟಿ ಮಾಡಬಹುದು’ ಎಂದು ರಾಜಿ ಪತ್ರದಲ್ಲಿದೆ. ತಾಯಿ ಈಗ ಹುಬ್ಬಳ್ಳಿಯ ತವರಿನಲ್ಲಿದ್ದಾರೆ. ನಾನು ರೈಲು ಹತ್ತಿ ಹೋದರೆ ಒಮ್ಮೆ ಜ್ವರ, ಒಮ್ಮೆ ನೃತ್ಯದ ತರಗತಿ, ಒಮ್ಮೆ ಬಾಗಿಲಿಗೆ ಬೀಗ. ನಾಲ್ಕು ತಿಂಗಳಿಂದ ಮಗಳ ಮುಖ ನೋಡಿಲ್ಲ. ಎಂಟು ಸಾವಿರ ರೂಪಾಯಿಯನ್ನು ಮಾತ್ರ ಪ್ರತಿ ತಿಂಗಳೂ ತಪ್ಪದೆ ಕಳುಹಿಸುತ್ತಿದ್ದೇನೆ. ಅದನ್ನು ನಿಲ್ಲಿಸಿದರೆ ಅವರು ದಾರಿಗೆ ಬಂದಾರೇ? ಶಾಲೆಯಿಂದಲೇ ಮಗಳನ್ನು ಕರೆತರಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಎರಡನ್ನೂ ಮಾಡಬೇಡಿ. ಆ ಎಂಟು ಸಾವಿರ ನಿಮ್ಮ ಮಗಳ ಶಾಲೆಯ ಶುಲ್ಕ, ಹಾಲು, ಚಪ್ಪಲಿ. ಭೇಟಿಗೂ ಅದಕ್ಕೂ ಕಾನೂನಿನಲ್ಲಿ ಗಂಟು ಹಾಕಿಲ್ಲ. ನಿಲ್ಲಿಸಿದರೆ ಬಾಕಿ ವಸೂಲಿಗೆ ಅರ್ಜಿ ಬೀಳುತ್ತದೆ. ನ್ಯಾಯ ಕೇಳಲು ಹೋಗಬೇಕಾದ ನೀವೇ ಬಾಕಿದಾರರಾಗಿ ನಿಲ್ಲುತ್ತೀರಿ. ಇನ್ನು ಶಾಲೆಯ ಗೇಟಿನಿಂದ ಕರೆದೊಯ್ದಿರೋ, ಸಂಜೆಯೊಳಗೆ ಪೊಲೀಸರು ಫೋನ್ ಮಾಡಿಯಾರು. ಎದುರು ವಕೀಲರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.

ತೊಂದರೆಯ ಬೇರು ಆ ರಾಜಿ ಪತ್ರದಲ್ಲಿಯೇ ಇದೆ. ‘ಅನುಕೂಲ’ ಎಂದರೆ ಯಾರದು? ಎರಡು ಭಾನುವಾರ ಎಂದರೆ ಯಾವ ಎರಡು? ಒಡವೆಯ ಪಟ್ಟಿಯಲ್ಲಿ ಬೆಳ್ಳಿಯ ಕುಂಕುಮ ಬಟ್ಟಲಿನ ತೂಕವನ್ನೂ ಹಟ ಹಿಡಿದು ಬರೆಸುವ ಜನ, ಮಗುವಿನ ವಿಷಯ ಬಂದಾಗ ಒಂದೇ ಸಾಲಿಗೆ ಸಹಿ ಹಾಕಿ ಎದ್ದುಬಿಡುತ್ತಾರೆ. ವಕೀಲರ ತಪ್ಪೂ ಇದೆ. ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥ ಸಾಲುಗಳನ್ನು ಬರೆದಿದ್ದೇನೆ.

ಅದನ್ನು ಈಗಲೂ ತಿದ್ದಿಸಬಹುದು. ನಿಮ್ಮ ಮದುವೆಗೆ ಹಿಂದೂ ವಿವಾಹ ಕಾಯ್ದೆ, 1955 ಅನ್ವಯಿಸುವುದಾದರೆ ಅದರ 26ನೇ ಕಲಂ ಅಡಿ, ಮಕ್ಕಳ ಸುಪರ್ದಿ, ಪಾಲನೆ, ವಿದ್ಯಾಭ್ಯಾಸದ ಬಗೆಗಿನ ಆದೇಶವನ್ನು ವಿಚ್ಛೇದನದ ನಂತರವೂ ನ್ಯಾಯಾಲಯ ಬದಲಿಸಬಹುದು. ತೀರ್ಪು ಕೊಟ್ಟ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಿ. ಈ ಸಲ ಜಿಪುಣತನ ಬೇಡ, ಎಲ್ಲವನ್ನೂ ಬರೆಸಿ: ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 5, ಮಗಳನ್ನು ಒಪ್ಪಿಸುವ ಜಾಗ ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ ಉದ್ಯಾನದ ಗೇಟೋ, ತವರುಮನೆಯ ಬಾಗಿಲೋ, ಕರೆತರುವವರು ಯಾರು, ಜ್ವರ ಬಂದರೆ ಶನಿವಾರ ರಾತ್ರಿ ಎಷ್ಟು ಗಂಟೆಯೊಳಗೆ ತಿಳಿಸಬೇಕು, ತಪ್ಪಿದ ಭೇಟಿಗೆ ಬದಲಿ ದಿನ ಯಾವುದು, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಎಷ್ಟು ದಿನ ನಿಮ್ಮ ಮನೆಯಲ್ಲಿ. ವಿಡಿಯೊ ಕರೆಯನ್ನೂ ಕೇಳಿ. ಮಗು ಜೊತೆಗಿಲ್ಲದ ತಂದೆಗೋ ತಾಯಿಗೋ ದಿನಕ್ಕೆ 5ರಿಂದ 10 ನಿಮಿಷ ಮಾತನಾಡುವ ಅವಕಾಶ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದೆ.

ಇಷ್ಟು ಸ್ಪಷ್ಟವಾದ ಆದೇಶವನ್ನೂ ಮೀರಿದರೆ, ಅದನ್ನು ಜಾರಿ ಮಾಡಿಸಿಕೊಡಿ ಎಂದು ನ್ಯಾಯಾಲಯವನ್ನು ಕೋರುವ ಅಮಲ್ಜಾರಿ ಅರ್ಜಿಗೆ ಬಲ ಬರುತ್ತದೆ. ಅಲ್ಲಿಯವರೆಗೆ ರೈಲಿನ ಟಿಕೆಟ್‌ಗಳನ್ನು ಎಸೆಯಬೇಡಿ. ‘ಭಾನುವಾರ 10ಕ್ಕೆ ಬರುತ್ತೇನೆ’ ಎಂದು ಶುಕ್ರವಾರವೇ ಸಂದೇಶ ಕಳುಹಿಸಿ. ಅದರಲ್ಲಿ ಕೊಂಕು ಬೇಡ, ಆ ಸಂದೇಶಗಳನ್ನು ನ್ಯಾಯಾಧೀಶರೂ ಓದುತ್ತಾರೆ.

ಒಂದು ಮಾತು ನಿಮಗೆ ರುಚಿಸಲಿಕ್ಕಿಲ್ಲ. ಬೀಗ ಹಾಕಿ ಹೋದ ತಾಯಿಗೆ ಏನೋ ಹೆದರಿಕೆ ಇರಬಹುದು: ಹುಡುಗಿಯನ್ನು ವಾಪಸು ತರುವುದಿಲ್ಲವೇನೋ, ಮನೆಯ ಸುದ್ದಿ ಕೆದಕುತ್ತಾರೇನೋ ಎಂದು. ‘ಮನೆಗೆ ಯಾರು ಬರುತ್ತಾರೆ?’ ಎಂದು ಮಗಳನ್ನು ಒಮ್ಮೆಯಾದರೂ ಕೇಳಿದ್ದೀರಾ? ಕೇಳಿದ್ದರೆ ಕೌಟುಂಬಿಕ ನ್ಯಾಯಾಲಯದ ಸಮಾಲೋಚಕರ ಎದುರು ಒಪ್ಪಿಕೊಳ್ಳಿ. ಅರ್ಧ ಜಗಳ ಅಲ್ಲಿಯೇ ಇಳಿಯುವುದನ್ನು ನೋಡಿದ್ದೇನೆ.

ಮೊದಲ ಭೇಟಿಗೆ ಬಟ್ಟೆ ಒಯ್ಯಬೇಡಿ. ನನ್ನ ಕಕ್ಷಿದಾರರೊಬ್ಬರು ಹನ್ನೊಂದು ತಿಂಗಳ ಮೇಲೆ ಮಗನನ್ನು ನೋಡಲು ಹೊಸ ಅಂಗಿ ತಂದಿದ್ದರು. ಗುಂಡಿ ಕೂಡಲಿಲ್ಲ. ತಂದೆ ಅದನ್ನು ಮಡಚಿ ಮತ್ತೆ ಪೊಟ್ಟಣಕ್ಕೆ ತುರುಕುವುದರಲ್ಲಿಯೇ ಹತ್ತು ನಿಮಿಷ ಕಳೆದರು. ನೀವು ಹಾವು–ಏಣಿಯ ಹಲಗೆ ಒಯ್ಯಿರಿ. ಮೊದಲ ಅರ್ಧ ಗಂಟೆ ಮಗಳು ಮಾತನಾಡದಿದ್ದರೂ ದಾಳ ಉರುಳಿಸಿಯಾಳು.