‘ಗಂಧಕದ ಮಹಾಚಕ್ರ’ ಬರೆದವರಿಗೆ

ನಮಸ್ಕಾರ,

ನಿಮ್ಮ ‘ಗಂಧಕದ ಮಹಾಚಕ್ರ’ ಲೇಖನವನ್ನು ಎರಡು ಸಲ ಓದಿದೆ, ಎರಡನೇ ಸಲ ಸ್ವಲ್ಪ ಸಿಟ್ಟಿನಲ್ಲೇ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ನಮೀಬಿಯಾ ಕರಾವಳಿಯ ಥಿಯೋಮಾರ್ಗರೀಟಾ, ಅಂದರೆ ಬರಿಗಣ್ಣಿಗೇ ಕಾಣುವ ಆ ದೊಡ್ಡ ಬ್ಯಾಕ್ಟೀರಿಯಾ ಬಗ್ಗೆ ಬರೆದ ಪ್ಯಾರಾವನ್ನು ಹಾಗೇ ಅಚ್ಚಿಗೆ ಕಳಿಸಬಹುದು. ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲಾರೆ. ಎರಡನೇ ಪುಟದ ಎರಡು ವಾಕ್ಯಗಳು ನನ್ನ ತಲೆ ತಿನ್ನುತ್ತಿವೆ. ಇಡೀ ಲೇಖನ ನಿಂತಿರುವುದೇ ಅವುಗಳ ಮೇಲೆ, ಹಾಗಾಗಿ ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: “ಪ್ರಕೃತಿಯ ಸಮತೋಲನ ಕಾಪಾಡಲು ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ತಿಂದು ಹೈಡ್ರೋಜನ್ ಸಲ್ಫೈಡ್ ಆಗಿ ಪರಿವರ್ತಿಸುತ್ತವೆ.”

‘ಸಮತೋಲನ ಕಾಪಾಡಲು’ ಅಂತೀರಿ. ಯಾರು ಹೇಳಿದ್ದು ಅವಕ್ಕೆ? ಕೆಸರಿನಲ್ಲಿರುವ ಒಂದು ಜೀವಕೋಶಕ್ಕೆ ಬೇಕಾಗಿರುವುದು ಇವತ್ತು ಬದುಕುವಷ್ಟು ಶಕ್ತಿ, ಅಷ್ಟೇ. ಸಮಾಜಸೇವೆ ಅದರ ಕೆಲಸವಲ್ಲ. ಇನ್ನು ‘ತಿಂದು’. ಡೀಸಲ್ಫೋವಿಬ್ರಿಯೋದಂಥ ಬ್ಯಾಕ್ಟೀರಿಯಾಗಳು ತಿನ್ನುವುದು ಲ್ಯಾಕ್ಟೇಟಿನಂಥ ಸಾವಯವ ವಸ್ತುವನ್ನೋ ಹೈಡ್ರೋಜನ್ನನ್ನೋ. ಸಲ್ಫೇಟ್, ಅಂದರೆ ಗಂಧಕ ಆಮ್ಲಜನಕದ ಜೊತೆ ಸೇರಿದ ರೂಪ, ಅವುಗಳ ಉಸಿರು. ನಾವು ತಿಂದ ಅನ್ನದಿಂದ ಬಂದ ಎಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ದಾಟಿಸುತ್ತೇವೆ, ಅದು ನೀರಾಗುತ್ತದೆ. ಇವು ಸಲ್ಫೇಟಿಗೆ ದಾಟಿಸುತ್ತವೆ, ಅದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಈ ಉಸಿರಾಟದಲ್ಲಿ ಸಿಗುವ ಶಕ್ತಿ ಆಮ್ಲಜನಕದಲ್ಲಿ ಸಿಗುವುದಕ್ಕಿಂತ ಬಹಳ ಕಡಿಮೆ. ಹಾಗಿದ್ದರೂ ಯಾಕೆ ಅದಕ್ಕೇ ಅಂಟಿಕೊಂಡಿವೆ? ಓದುಗರು ಕೇಳುವ ಪ್ರಶ್ನೆ ಇದೇ ಅಲ್ವಾ? ನೀವು ಅದನ್ನು ಮುಟ್ಟಲೇ ಇಲ್ಲ.

ಉತ್ತರ ಕಷ್ಟದ್ದೇನಲ್ಲ. ಕರಾವಳಿಯ ಸಮುದ್ರತಳದ ಕೆಸರಿನಲ್ಲಿ ಮೇಲಿನ ಕೆಲವೇ ಮಿಲಿಮೀಟರಿನೊಳಗೆ ಆಮ್ಲಜನಕ ಮುಗಿದುಹೋಗುತ್ತದೆ. ಸಲ್ಫೇಟ್ ಮಾತ್ರ ಬೇಕಾದಷ್ಟಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದ್ದರೆ, ಕರಗಿದ ಆಮ್ಲಜನಕ ಕೆಲವು ಮಿಲಿಗ್ರಾಂ ಅಷ್ಟೇ. ಡೆನ್ಮಾರ್ಕಿನ ವಿಜ್ಞಾನಿ ಯೋರ್ಗೆನ್ಸೆನ್ 1982ರಲ್ಲೇ ತೋರಿಸಿದ್ದರು, ಕರಾವಳಿ ಕೆಸರಿನಲ್ಲಿ ಕೊಳೆಯುವ ಸಾವಯವ ವಸ್ತುವಿನ ಅರ್ಧದಷ್ಟು ಪಾಲು ಕರಗುವುದು ಈ ಸಲ್ಫೇಟ್ ಉಸಿರಿನಿಂದಲೇ ಅಂತ. ಇಷ್ಟು ದೊಡ್ಡ ಸಂಗತಿ ಕೈಯಲ್ಲಿದ್ದೂ ‘ಸಮತೋಲನ’ ಅಂತ ಬರೆದು ಮುಂದೆ ಹೋಗಿದ್ದೀರಿ.

ಎರಡನೆಯದು: “ನಂತರ ಇತರ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಸಲ್ಫೇಟ್ ಮಾಡುತ್ತವೆ, ಹೀಗೆ ಚಕ್ರ ಪೂರ್ಣಗೊಳ್ಳುತ್ತದೆ.”

ಇದನ್ನು ಓದಿದಾಗ ನಾನು ಕೆಲಸ ಕಲಿತ ಪತ್ರಿಕೆಯ ಹಿರಿಯ ಸಂಪಾದಕರು ನೆನಪಾದರು. ಅವರ ಮೇಜಿನ ಪಕ್ಕದ ಕಿಟಕಿಯಲ್ಲಿ ಒಂದು ಗಾಜಿನ ಜಾಡಿ ಇರುತ್ತಿತ್ತು. ಒಳಗೆ ಕೆರೆಯ ಕೆಸರು, ಹರಿದ ಕಾಗದದ ಚೂರು, ಒಂದಿಷ್ಟು ಜಿಪ್ಸಂ, ಮೇಲೆ ನೀರು. ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ವಿನೋಗ್ರಾಡ್ಸ್ಕಿ ಹೆಸರಿನ ಪ್ರಯೋಗ ಅದು. ವಿಜ್ಞಾನ ಬರೆಯುತ್ತೇನೆ ಅಂತ ಬಂದವರಿಗೆಲ್ಲ ಒಂದೇ ಕೆಲಸ: ವಾರಕ್ಕೊಮ್ಮೆ ಜಾಡಿ ನೋಡಿ ಅರ್ಧ ಪುಟ ಬರೆಯಬೇಕು, ‘ಚಕ್ರ’ ಅನ್ನುವ ಪದ ಬರಕೂಡದು. ಮೊದಮೊದಲು ಸುಮ್ನೆ ಕಾಟ ಕೊಡುತ್ತಿದ್ದಾರೆ ಅನ್ನಿಸಿತ್ತು. ಆಮೇಲೆ ತಳದಿಂದ ಕಪ್ಪು ಮೇಲೇರತೊಡಗಿತು. ಕಾಗದ ಕೊಳೆತು ಬಂದದ್ದನ್ನು ತಿಂದು, ಜಿಪ್ಸಂನ ಸಲ್ಫೇಟನ್ನು ಉಸಿರಾಡಿದವು ಬಿಟ್ಟ ಸಲ್ಫೈಡು ಕೆಸರಿನ ಕಬ್ಬಿಣದ ಜೊತೆ ಸೇರಿ ಆದ ಕಪ್ಪು ಅದು. ಅದರ ಮೇಲೆ, ಬೆಳಕು ಬೀಳುವ ಕಡೆ, ಬೆಳಕಿನಲ್ಲಿ ಸಲ್ಫೈಡನ್ನು ಬಳಸಿ ಬೆಳೆಯುವ ಬ್ಯಾಕ್ಟೀರಿಯಾಗಳ ಹಸಿರು ಪಟ್ಟಿ. ಅದಕ್ಕೂ ಮೇಲೆ ನೇರಳೆ. ಹಸಿರು ಯಾಕೆ ಕೆಳಗೆ ಅಂತ ಕೇಳಿದೆ. “ಸಲ್ಫೈಡ್ ಜಾಸ್ತಿ ಇದ್ದರೂ ತಡೆದುಕೊಳ್ಳುತ್ತೆ, ಅದಕ್ಕೆ. ಹೋಗಿ ಅದನ್ನೇ ಬರಿ” ಅಂದರು.

ಈಗ ನಿಮ್ಮ ವಾಕ್ಯ ನೋಡಿ. ‘ನಂತರ’ ಅಂದರೆ ಯಾವಾಗ? ಆ ಜಾಡಿಯಲ್ಲಿ ಎಲ್ಲವೂ ಒಟ್ಟೊಟ್ಟಿಗೇ ನಡೆಯುತ್ತಿತ್ತು, ಬೇರೆ ಬೇರೆ ಎತ್ತರದಲ್ಲಿ. ಮೊದಲು ಹೇಳಬೇಕಾದದ್ದು ಜಾಗ. ‘ಇತರ’ ಅಂದರೆ ಯಾವುವು? ಸಲ್ಫೈಡಿನಿಂದ ಶಕ್ತಿ ಪಡೆಯುವ ಬೆಗ್ಗಿಯಾಟೋವಾ ಬ್ಯಾಕ್ಟೀರಿಯಾದ ಎಳೆಗಳೊಳಗೆ ಗಂಧಕದ ಹನಿಗಳಿರುತ್ತವೆ. ಸಲ್ಫೈಡ್ ಸಿಗದಿದ್ದರೆ ಅವು ಕರಗುತ್ತವೆ, ಸಿಕ್ಕರೆ ಮತ್ತೆ ತುಂಬುತ್ತವೆ. 1887ರ ಹೊತ್ತಿಗೆ ವಿನೋಗ್ರಾಡ್ಸ್ಕಿ ಇದನ್ನು ಕಂಡರು, ಕಲ್ಲುಮಣ್ಣಿನಂಥ ನಿರ್ಜೀವ ವಸ್ತುವಿನಿಂದಲೂ ಜೀವಿಗಳು ಶಕ್ತಿ ಪಡೆಯಬಲ್ಲವು ಅನ್ನುವ ಯೋಚನೆ ಅಲ್ಲಿಂದ ಹೊರಟಿತು. 2012ರಲ್ಲಿ ಡೆನ್ಮಾರ್ಕಿನವರು ವರದಿ ಮಾಡಿದ ಕೇಬಲ್ ಬ್ಯಾಕ್ಟೀರಿಯಾ ಇನ್ನೂ ವಿಚಿತ್ರ. ಸಾವಿರಾರು ಕೋಶಗಳ ಉದ್ದನೆಯ ಎಳೆ, ಒಂದು ತುದಿ ಕೆಳಗೆ ಸಲ್ಫೈಡಿನಲ್ಲಿ, ಇನ್ನೊಂದು ಮೇಲೆ ಆಮ್ಲಜನಕದಲ್ಲಿ, ನಡುವೆ ಸೆಂಟಿಮೀಟರುಗಟ್ಟಲೆ ಎಲೆಕ್ಟ್ರಾನ್ ಹರಿಯುತ್ತದೆ. ಇವನ್ನೆಲ್ಲ ‘ಇತರ’ ಅನ್ನುವ ಒಂದು ಪದದೊಳಗೆ ತುರುಕಿದರೆ ಹೊಟ್ಟೆ ಉರಿಯುತ್ತದೆ ಕಣ್ರೀ.

‘ಚಕ್ರ ಪೂರ್ಣಗೊಳ್ಳುತ್ತದೆ’ ಅನ್ನುವುದಂತೂ ಬೇಡವೇ ಬೇಡ. ಗಂಧಕ ಗಾಣದೆತ್ತಿನ ಹಾಗೆ ಒಂದೇ ದಾರಿಯಲ್ಲಿ ಸುತ್ತುವುದಿಲ್ಲ. ಒಂದಿಷ್ಟು ಕಬ್ಬಿಣದ ಜೊತೆ ಸೇರಿ ಪೈರೈಟ್ ಅನ್ನುವ ಖನಿಜವಾಗಿ ಹೂತುಹೋದರೆ ಕೋಟ್ಯಂತರ ವರ್ಷ ಹೊರಗೆ ಬರುವುದಿಲ್ಲ. ಒಂದಿಷ್ಟು ಡೈಮೀಥೈಲ್ ಸಲ್ಫೈಡ್ ಅನ್ನುವ ಅನಿಲವಾಗಿ ಸಮುದ್ರದಿಂದ ಗಾಳಿಗೆ ಹೋಗುತ್ತದೆ. ಸಲ್ಫೈಡಿಗೂ ಸಲ್ಫೇಟಿಗೂ ನಡುವಿನ ಅರ್ಧ ದಾರಿಯಲ್ಲಿ ಥಯೋಸಲ್ಫೇಟ್ ಆಗಿ ನಿಂತದ್ದನ್ನು ಒಡೆದು, ಒಂದು ಪಾಲು ಸಲ್ಫೇಟ್, ಇನ್ನೊಂದು ಪಾಲು ಸಲ್ಫೈಡ್ ಮಾಡಿ, ಮುಂದಕ್ಕೂ ಹಿಂದಕ್ಕೂ ಒಮ್ಮೆಗೇ ಕಳಿಸುವ ಬ್ಯಾಕ್ಟೀರಿಯಾಗಳೂ ಇವೆ. ನಿಮ್ಮ ದುಂಡನೆಯ ಬಾಣದ ಚಿತ್ರದಲ್ಲಿ ಅವಕ್ಕೆ ಜಾಗವೇ ಇಲ್ಲ. ಚಿತ್ರ ತೆಗೆದುಬಿಡಿ.

ಉಳಿದ ಪುಟಗಳ ತಂಟೆಗೆ ಈಗ ಹೋಗುವುದಿಲ್ಲ. ಕೊನೆಯಲ್ಲಿ ಒಳಚರಂಡಿ ಪೈಪಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಲ್ಲ, ಅದನ್ನು ಮೊದಲಿಗೆ ತನ್ನಿ. ಕಾಂಕ್ರೀಟ್ ಪೈಪು ಕೊಳಚೆಯಲ್ಲಿ ಮುಳುಗಿರುವ ಕಡೆ ಗಟ್ಟಿಯಾಗಿಯೇ ಇರುತ್ತದೆ, ಪುಡಿಯಾಗುವುದು ಮೇಲಿನ ಕಮಾನು. ಕೆಳಗೆ ಸಲ್ಫೇಟ್ ಉಸಿರಾಡುವವು, ಮೇಲಿನ ತೇವದಲ್ಲಿ ಅವು ಬಿಟ್ಟ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಗಂಧಕಾಮ್ಲ ಮಾಡುವವು, ನಡುವೆ ಗಾಳಿ. ನೀವು ಹೇಳಬೇಕಾದದ್ದೆಲ್ಲ ಆ ಒಂದು ಪೈಪಿನೊಳಗೇ ಇದೆ. ಅಲ್ಲಿಂದ ಶುರುಮಾಡಿ ಮತ್ತೆ ಬರೆದು ಕಳಿಸಿ, ಶೀರ್ಷಿಕೆಯಿಂದ ‘ಮಹಾ’ ತೆಗೆದು.